ಬಟ್ಟೆ ಚೆನ್ನಾಗಿದೆ, ಪರದೆ ಮಾತ್ರ ಕಳೆಗಟ್ಟುತ್ತಿಲ್ಲ: ಅಳತೆ, ಆಯ್ಕೆ, ಹೊಲಿಗೆ ಬಗ್ಗೆ ಚರ್ಚೆ

ಕಿಟಕಿಮನೆ

ಕೂರುವ ಕೋಣೆಯ ಕಿಟಕಿಗೆ ಪರದೆ ಬೇಕು. ಚೌಕಟ್ಟಿನ ಅಗಲ 150 ಸೆಂ.ಮೀ., ನೆಲದಿಂದ ಚೌಕಟ್ಟಿನ ಮೇಲಂಚಿನವರೆಗೆ 210 ಸೆಂ.ಮೀ. ಮಧ್ಯಾಹ್ನದ ಮೇಲೆ ನೇರ ಬಿಸಿಲು. ಸದ್ಯ ಇರೋದು ಸಿದ್ಧ ಪರದೆ, ಪೊಟ್ಟಣದ ಮೇಲೆ "110 × 213, ಎರಡು ತುಂಡು" ಅಂತಿದೆ. ಬಟ್ಟೆ ಮುಟ್ಟಿದರೆ ಚೆನ್ನಾಗಿದೆ, ಬಣ್ಣವೂ ಸರಿ. ಆದರೆ ಎಳೆದು ಮುಚ್ಚಿದಾಗ ಹೊದಿಕೆ ಒಣಹಾಕಿದ ಹಾಗೆ ಚಪ್ಪಟೆ ಕಾಣುತ್ತೆ, ಕೆಳಗೆ ಕಾಲು ಗಿಡ್ಡವಾದ ಹಾಗೆ ಜಾಗ ಉಳಿಯುತ್ತೆ. ಈ ಸಲ ಥಾನಿನಿಂದ ಬಟ್ಟೆ ಕತ್ತರಿಸಿ ಹೊಲಿಸೋಣ ಅಂತ. ಎಷ್ಟು ಮೀಟರ್ ತಗೋಬೇಕು? ಯಾವ ಬಟ್ಟೆ? ಕಂಬಿ ಎಲ್ಲಿ ಕೂರಬೇಕು?

ಅಳತೆಪಟ್ಟಿ

ಚಪ್ಪಟೆ ಕಾಣೋದಕ್ಕೆ ಕಾರಣ ನಿಮ್ಮ ಪೊಟ್ಟಣದ ಮೇಲೆಯೇ ಇದೆ. 110 ಅನ್ನೋದು ಬಟ್ಟೆಯನ್ನು ನೆಲದ ಮೇಲೆ ಹರಡಿದಾಗಿನ ಅಗಲ. ಎರಡು ತುಂಡು ಸೇರಿ 220. ಕಂಬಿ 200 ದಾಟಿದರೆ ನೆರಿಗೆಗೆ ಬಟ್ಟೆಯೇ ಉಳಿಯಲ್ಲ. ಪರದೆಯ ಅಂದ ಮುಕ್ಕಾಲು ಪಾಲು ಇರೋದು ನೆರಿಗೆಯಲ್ಲಿ. ದುಬಾರಿ ಬಟ್ಟೆಯನ್ನು ಜಿಪುಣತನದಿಂದ ತೂಗುಹಾಕೋದಕ್ಕಿಂತ ಸಾಧಾರಣ ಬಟ್ಟೆಯನ್ನು ಧಾರಾಳವಾಗಿ ತೂಗುಹಾಕಿದರೆ ಎಷ್ಟೋ ಚೆನ್ನ.

ಕಂಬಿಯ ಉದ್ದಕ್ಕೆ ಎಷ್ಟು ಪಟ್ಟು ಬಟ್ಟೆ ಅನ್ನೋ ಲೆಕ್ಕ ಹೀಗೆ. ಐಲೆಟ್ ಪರದೆಗೆ (ಮೇಲಂಚಿನಲ್ಲಿ ಬಳೆ ಕೂರಿಸಿದ ತೂತುಗಳಿದ್ದು, ಅವುಗಳೊಳಗೆ ಕಂಬಿ ತೂರುವ ಮಾದರಿ) ಒಂದೂವರೆಯಿಂದ ಎರಡು ಪಟ್ಟು. ನೆರಿಗೆ ಪಟ್ಟಿ ಹಾಕಿ ದಾರ ಎಳೆಯುವ ಮಾದರಿಗೆ ಎರಡರಿಂದ ಎರಡೂವರೆ. ಬೆಳಕು ತೂರುವ ತೆಳು ಬಟ್ಟೆಗೆ ಎರಡೂವರೆಗಿಂತ ಕಡಿಮೆ ಬೇಡ, ಮೂರು ಪಟ್ಟಾದರೆ ಉತ್ತಮ. ಮಖಮಲ್ಲಿನಂಥ ದಪ್ಪ ಬಟ್ಟೆಗೆ ಒಂದೂಮುಕ್ಕಾಲು ಸಾಕು, ಹೆಚ್ಚಾದರೆ ಸರಿಸಿದಾಗ ಗುಡ್ಡೆ ಬೀಳುತ್ತೆ.

ಈಗ ನಿಮ್ಮ ಕಿಟಕಿ. ಚೌಕಟ್ಟಿನ ಆಚೆ ಈಚೆ 30 ಸೆಂ.ಮೀ. ಬಿಡಿ, ಕಂಬಿ 210 ಆಗುತ್ತೆ. ತೆರೆದಾಗ ಪರದೆಯ ರಾಶಿ ಗೋಡೆಯ ಮೇಲೆ ಕೂರುತ್ತೆ, ಗಾಜು ಪೂರ್ತಿ ಬಿಡುವಾಗುತ್ತೆ, ಕಿಟಕಿಯೂ ದೊಡ್ಡದಾಗಿ ಕಾಣುತ್ತೆ. ಕಂಬಿಯ ಮೇಲ್ಮೈ ಚೌಕಟ್ಟಿಗಿಂತ 15 ಮೇಲೆ, ಅಂದರೆ ನೆಲದಿಂದ 225.

ಉದ್ದ: ಐಲೆಟ್ ಪರದೆ ಕಂಬಿಗಿಂತ ಸುಮಾರು 4 ಸೆಂ.ಮೀ. ಮೇಲೆ ನಿಲ್ಲುತ್ತೆ, ಕೆಳಗೆ ನೆಲದಿಂದ 1 ಸೆಂ.ಮೀ. ಎತ್ತರ. ಹಾಗಾಗಿ ಹೊಲಿದು ಮುಗಿದ ಉದ್ದ 225 + 4 − 1 = 228. ಕೆಳಮಡಿಕೆಗೆ 10 ಮತ್ತು 10, ಅಂದರೆ 20. ಮೇಲ್ಮಡಿಕೆಗೆ 11. ಒಟ್ಟು 259. ಹೊಲಿಯುವ ಮೊದಲು ತೊಳೆದಾಗ ಬಟ್ಟೆ ಶೇ. 5 ಕುಗ್ಗುತ್ತೆ ಅಂದುಕೊಂಡರೆ 259 ಅನ್ನು 0.95ರಿಂದ ಭಾಗಿಸಿ: 273. ಇಲ್ಲಿ ಅನೇಕರು 259ಕ್ಕೆ ಶೇ. 5 ಕೂಡಿಸಿ 272 ಅಂತಾರೆ. ಒಂದೇ ಸೆಂ.ಮೀ. ವ್ಯತ್ಯಾಸ, ಆದರೆ ನೆಲಕ್ಕೆ ನೀವು ಬಿಟ್ಟಿರೋದೂ ಒಂದೇ ಸೆಂ.ಮೀ.

ಅಗಲ: ಪರದೆ ಬಟ್ಟೆಯ ಪನ್ನ (ಥಾನಿನ ಅಗಲ) ಸಾಮಾನ್ಯವಾಗಿ 137 ಸೆಂ.ಮೀ., ಅಂದರೆ 54 ಇಂಚು. ಮೂರು ಪನ್ನ ಸೇರಿಸಿದರೆ 411. ಎರಡು ಜೋಡುಹೊಲಿಗೆಗೆ ತಲಾ 3, ನಾಲ್ಕು ಪಕ್ಕದ ಮಡಿಕೆಗೆ ತಲಾ 6 ಕಳೆದರೆ 381 ಉಳಿಯುತ್ತೆ. ಅದು 210ಕ್ಕೆ 1.8 ಪಟ್ಟು. ಐಲೆಟ್‌ಗೆ ಹದವಾದ ನೆರಿಗೆ. ಮೂರನೇ ಪನ್ನವನ್ನು ಉದ್ದಕ್ಕೆ ಸೀಳಿ ಎರಡೂ ಕಡೆಗೆ ಅರ್ಧರ್ಧ ಹಂಚಬೇಕು. ಆ ಅರ್ಧ ಪನ್ನ ಯಾವಾಗಲೂ ಗೋಡೆಯ ಪಕ್ಕಕ್ಕೇ ಬರಲಿ, ನಡುವೆ ಬಂದರೆ ಜೋಡು ಎದ್ದು ಕಾಣುತ್ತೆ. ನೆರಿಗೆ ಪಟ್ಟಿಯಾದರೆ ನಾಲ್ಕು ಪನ್ನ ತಗೊಳ್ಳಿ, ಸುಮಾರು ಎರಡೂವರೆ ಪಟ್ಟು ಸಿಗುತ್ತೆ.

ಮೂರು ಪನ್ನಕ್ಕೆ 3 × 273, ಅಂದರೆ 8.2 ಮೀ. ಅಂಗಡಿಯಲ್ಲಿ ಕತ್ತರಿ ನೇರ ಓಡೋದು ಅಪರೂಪ, 8.4 ಕೇಳಿ. ನಾಲ್ಕಾದರೆ 11 ಮೀ. ಮತ್ತೆ ಅಷ್ಟನ್ನೂ ಒಂದೇ ಥಾನಿನಿಂದ ಕತ್ತರಿಸಲು ಹೇಳಿ. ಎರಡು ಥಾನುಗಳನ್ನು ಬೇರೆ ಬೇರೆ ಸಲ ಬಣ್ಣಕ್ಕೆ ಅದ್ದಿದ್ದರೆ ಅಂಗಡಿಯ ದೀಪದಲ್ಲಿ ಒಂದೇ ಥರ ಕಂಡರೂ ಕಿಟಕಿಯ ಬೆಳಕಿನಲ್ಲಿ ಬೇರೆಯಾಗಿ ಕಾಣುತ್ತವೆ.

ಕಿಟಕಿಮನೆ

ದೊಡ್ಡ ಹೂಬಳ್ಳಿಯ ವಿನ್ಯಾಸ ಕಣ್ಣಿಗೆ ಬಿದ್ದಿದೆ. ವಿನ್ಯಾಸ 64 ಸೆಂ.ಮೀ.ಗೆ ಒಮ್ಮೆ ಮರುಕಳಿಸುತ್ತೆ. ಲೆಕ್ಕ ಬದಲಾಗುತ್ತಾ?

ಅಳತೆಪಟ್ಟಿ

ಬಹಳ ಬದಲಾಗುತ್ತೆ. ಪ್ರತಿ ತುಂಡೂ ವಿನ್ಯಾಸದ ಒಂದೇ ಬಿಂದುವಿನಿಂದ ಶುರುವಾಗಬೇಕು, ಇಲ್ಲದಿದ್ದರೆ ಜೋಡಿನಲ್ಲಿ ಹೂವು ಅರ್ಧಕ್ಕೆ ತುಂಡಾಗುತ್ತೆ. 273ಕ್ಕೆ 64ರ ಸುತ್ತು ಐದು ಬೇಕು, ಅಂದರೆ 320. ಮೂರು ತುಂಡಿಗೆ 9.6 ಮೀ. ಅದೇ ವಿನ್ಯಾಸ 32ಕ್ಕೆ ಮರುಕಳಿಸಿದರೆ ಒಂಬತ್ತು ಸುತ್ತು, 288, ಒಟ್ಟು 8.64 ಮೀ. ಸುಮಾರು ಒಂದು ಮೀಟರ್ ಬಟ್ಟೆ ಬರೀ ವಿನ್ಯಾಸದ ಗಾತ್ರಕ್ಕೆ ಹೋಗುತ್ತೆ. ಇನ್ನೊಂದು ಮಾತು: ಐಲೆಟ್ ನೆರಿಗೆ ಆಳವಾಗಿರೋದರಿಂದ 64 ಸೆಂ.ಮೀ. ಹೂಬಳ್ಳಿ ಮಡಿಕೆಯೊಳಗೆ ಮುಳುಗಿಹೋಗುತ್ತೆ. ಅಷ್ಟು ದೊಡ್ಡ ವಿನ್ಯಾಸ ಇಷ್ಟವಿದ್ದರೆ ಅದನ್ನು ದಿಂಬಿನ ಹೊದಿಕೆಗೆ ಇಟ್ಟುಕೊಳ್ಳಿ, ಪರದೆಗೆ ಅದರೊಳಗಿನ ಒಂದು ಬಣ್ಣದ ಸಾದಾ ಬಟ್ಟೆ ತಗೊಳ್ಳಿ. ನನ್ನ ಮತ ಅದಕ್ಕೇ.

ನೂಲೆಳೆ

ಬಟ್ಟೆಯ ಬಗ್ಗೆ ಹೇಳುತ್ತೇನೆ. ಅಂಗಡಿಯಲ್ಲಿ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ ತೋರಿಸುತ್ತಾರೆ. ಪರದೆ ನಿಲ್ಲೋದು ಹಾಗಲ್ಲ, ಬೆನ್ನಿಗೆ ಬೆಳಕು ಇಟ್ಟುಕೊಂಡು. ಎರಡು ಮೀಟರಿನಷ್ಟು ಬಿಚ್ಚಿಸಿ, ಕೈಯಲ್ಲಿ ನೆರಿಗೆ ಹಿಡಿದು ಬಾಗಿಲಿನ ಬೆಳಕಿಗೆ ಒಡ್ಡಿ ನೋಡಿ. ಬೂದು ಅಂದುಕೊಂಡ ಬಟ್ಟೆ ಹಸಿರಿಗೆ ತಿರುಗಬಹುದು, ಕೆನೆಬಣ್ಣ ಹಳದಿಯಾಗಬಹುದು. ನೂಲು ಒಂದೆಡೆ ದಟ್ಟ, ಒಂದೆಡೆ ವಿರಳ ಇದ್ದರೆ ಅದೂ ಆಗಲೇ ಗೊತ್ತಾಗುತ್ತದೆ.

ಆಮೇಲೆ ಒಂದು ಮೂಲೆಯನ್ನು ಮುಷ್ಟಿಯಲ್ಲಿ ಹತ್ತು ಸೆಕೆಂಡು ಬಿಗಿಹಿಡಿದು ಬಿಡಿ. ಲಿನನ್ ಆದರೆ ಚೂಪು ಗೆರೆ ಉಳಿಯುತ್ತದೆ, ಅದು ಅದರ ಗುಣ. ಪಾಲಿಯೆಸ್ಟರ್ ತಟ್ಟನೆ ಬಿಚ್ಚಿಕೊಳ್ಳುತ್ತದೆ. ಒದ್ದೆ ಬಿಳಿ ಬಟ್ಟೆಯಿಂದ ಹತ್ತು ಸಲ ಉಜ್ಜಿ. ಬಣ್ಣ ಹತ್ತಿದರೆ ಅದನ್ನು ತಿಳಿಬಣ್ಣದ ಗೋಡೆಯ ಪಕ್ಕ ತೂಗುಹಾಕಬೇಡಿ. ಬೆರಳ ಮಧ್ಯೆ ತಿಕ್ಕಿದಾಗ ಬಿಳಿ ಪುಡಿ ಉದುರಿದರೆ ಅದು ಗಂಜಿಯ ಬಿಗಿ, ಮೊದಲ ತೊಳೆತಕ್ಕೇ ಬಟ್ಟೆ ಬಡಕಲಾಗುತ್ತದೆ.

ತೂಕ ಕೇಳಿ. ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎನ್ನುವುದೇ ಜಿಎಸ್‌ಎಂ. ಬೆಳಕು ತೂರುವ ಬಟ್ಟೆ 100ರ ಒಳಗೆ, ಸಾಮಾನ್ಯ ಪರದೆಗೆ 180ರಿಂದ 250, ಮಖಮಲ್ 300ರ ಮೇಲೆ. 150ರ ಕೆಳಗಿನ ಸಾದಾ ಬಟ್ಟೆ ಅಸ್ತರಿಲ್ಲದೆ ನೆಟ್ಟಗೆ ಇಳಿಯುವುದಿಲ್ಲ, ಗಾಳಿಗೆ ಉಬ್ಬಿಕೊಳ್ಳುತ್ತದೆ.

ಇನ್ನು ಬಿಸಿಲು. ರೇಷ್ಮೆ ನೇರ ಬಿಸಿಲಿಗೆ ಬೇಗ ಜೀರ್ಣವಾಗುತ್ತದೆ, ಮಡಿಕೆಯ ಮುಂಚಾಚಿದ ಗೆರೆಯಲ್ಲೇ ಮೊದಲು ಸೀಳುತ್ತದೆ. ನೈಲಾನ್ ಕೂಡ ದುರ್ಬಲ. ಹತ್ತಿ, ಲಿನನ್ ಮಧ್ಯಮ. ಗಾಜಿನ ಹಿಂದೆ ಪಾಲಿಯೆಸ್ಟರ್ ಚೆನ್ನಾಗಿ ಬಾಳುತ್ತದೆ. ಇದು ನೂಲಿನ ಬಾಳಿಕೆ. ಬಣ್ಣದ ಬಾಳಿಕೆ ಬೇರೆ. ಬಣ್ಣಕ್ಕೆ ನೀಲಿ ಉಣ್ಣೆಯ ಮಾಪಕ ಇದೆ, ಐಎಸ್‌ಒ 105-ಬಿ02 ಪರೀಕ್ಷೆಯಲ್ಲಿ ಬಳಸುವುದು. 1 ಅಂದರೆ ಬಲು ಬೇಗ ಮಾಸುವುದು, 8 ಅಂದರೆ ಅತಿ ಗಟ್ಟಿ. ಮಾದರಿ ಪುಸ್ತಕದ ಹಿಂದೆ ಈ ಅಂಕಿ ಇದ್ದರೆ ನಿಮ್ಮ ಕಿಟಕಿಗೆ 5ಕ್ಕಿಂತ ಕೆಳಗಿನದು ಬೇಡ, 6 ಸಿಕ್ಕರೆ ಒಳ್ಳೆಯದು.

"ಲಿನನ್ ಥರ" ಎಂದು ಮಾರುವ ಬಟ್ಟೆಯಲ್ಲಿ ಬಹಳಷ್ಟು ಸಲ ಇರುವುದು ಪಾಲಿಯೆಸ್ಟರ್ ಮತ್ತು ವಿಸ್ಕೋಸ್. ಅಂಚಿನಿಂದ ಹಾಸಿನದೊಂದು (ಉದ್ದಕ್ಕೆ ಓಡುವುದು), ಹೊಕ್ಕಿನದೊಂದು (ಅಡ್ಡಕ್ಕೆ ಓಡುವುದು) ನೂಲು ಬಿಡಿಸಿ, ಚಿಮುಟದಲ್ಲಿ ಹಿಡಿದು, ನೀರಿನ ತಟ್ಟೆಯ ಮೇಲೆ ಬೇರೆ ಬೇರೆಯಾಗಿ ಸುಟ್ಟು ನೋಡಿ. ಪಾಲಿಯೆಸ್ಟರ್ ಜ್ವಾಲೆಯಿಂದ ಹಿಂದೆ ಸರಿದು ಕರಗಿ ಗಟ್ಟಿ ಕಪ್ಪು ಮಣಿಯಾಗುತ್ತದೆ. ಹತ್ತಿ, ಲಿನನ್, ವಿಸ್ಕೋಸ್ ಮೂರೂ ಕಾಗದ ಸುಟ್ಟ ವಾಸನೆ ಬೀರಿ ಮೆತ್ತನೆ ಬೂದಿಯಾಗುತ್ತವೆ. ಆದ್ದರಿಂದ ವಿಸ್ಕೋಸನ್ನು ಬೆಂಕಿಯಿಂದ ಹಿಡಿಯಲಾಗದು, ನೀರಿನಿಂದ ಹಿಡಿಯಬೇಕು: ನೂಲನ್ನು ನೆನೆಸಿ ಎಳೆಯಿರಿ. ವಿಸ್ಕೋಸ್ ಒದ್ದೆಯಾದಾಗ ಬಲ ಕಳೆದುಕೊಂಡು ಸುಲಭಕ್ಕೆ ಕಡಿಯುತ್ತದೆ. ಹತ್ತಿ, ಲಿನನ್ ಒದ್ದೆಯಾದಾಗ ಇನ್ನೂ ಗಟ್ಟಿ. ವಿಸ್ಕೋಸ್ ಹೆಚ್ಚಿರುವ ಉದ್ದ ಪರದೆ ತನ್ನ ಭಾರಕ್ಕೇ ಜೋಲುತ್ತದೆ, ತೊಳೆದರೆ ಕುಗ್ಗುತ್ತದೆ. ಎರಡೂ ತೊಂದರೆ ಒಂದೇ ಬಟ್ಟೆಯಲ್ಲಿ.

ಎಲ್ಲಕ್ಕಿಂತ ಮೊದಲು ಅರ್ಧ ಮೀಟರ್ ಕೊಂಡು ಮನೆಗೆ ತನ್ನಿ. ಅದರ ಮೇಲೆ 40 × 40 ಸೆಂ.ಮೀ. ಚೌಕವನ್ನು ದಾರದಲ್ಲಿ ಗುರುತು ಮಾಡಿ, ಮುಂದೆ ಹೇಗೆ ತೊಳೆಯುತ್ತೀರೋ ಹಾಗೇ ತೊಳೆದು, ಒಣಗಿಸಿ, ಇಸ್ತ್ರಿ ಹಾಕಿ ಅಳೆಯಿರಿ. ಉದ್ದದಲ್ಲಿ 38.4 ಬಂದರೆ ಶೇ. 4 ಕುಗ್ಗಿದೆ. ಅಳತೆಪಟ್ಟಿಯವರ 5ರ ಬದಲು ನಿಮ್ಮದೇ ಅಂಕಿ ಹಾಕಿಕೊಳ್ಳಬಹುದು.

ತೆಳುಪರದೆ

ಉಡುಪಿನ ಬಟ್ಟೆಯಿಂದ ಪರದೆ ಹೊಲಿದರೆ? ವಿನ್ಯಾಸಗಳು ಅಲ್ಲಿ ಎಷ್ಟೋ ಹೆಚ್ಚು, ಬಣ್ಣಗಳೂ ಹೊಸ ಹೊಸವು.

ನೂಲೆಳೆ

ಆಗುತ್ತದೆ, ಮೂರು ವಿಷಯ ನೋಡಿಕೊಂಡರೆ. ಪನ್ನ: ಅಂಗಿ, ಲಂಗದ ಹತ್ತಿ ಬಟ್ಟೆ ಬಹುಪಾಲು 110 ಸೆಂ.ಮೀ. ಅಗಲ, ಆದ್ದರಿಂದ ಮೂರು ಪನ್ನದ ಜಾಗದಲ್ಲಿ ನಾಲ್ಕು ಬೇಕು, ಜೋಡೂ ಹೆಚ್ಚು. ಹಿಗ್ಗು: ಎಲಾಸ್ಟೇನ್ ಶೇ. 2 ಇದ್ದರೂ ಬೇಡ, ಕೆಳಅಂಚು ಅಲೆಅಲೆಯಾಗುತ್ತದೆ. ಬಿಸಿಲು: ಉಡುಪಿನ ಬಣ್ಣವನ್ನು ತೊಳೆತ, ಬೆವರು ತಡೆಯಲೆಂದು ಆರಿಸುತ್ತಾರೆ, ದಿನವಿಡೀ ಗಾಜಿನ ಬಿಸಿಲು ತಡೆಯಬೇಕೆಂಬ ಲೆಕ್ಕ ಅಲ್ಲಿರುವುದಿಲ್ಲ. ನೆರಳು ಕಡೆಯ ಕಿಟಕಿಗೆ, ಅಸ್ತರು ಕೊಟ್ಟು, ಧೈರ್ಯವಾಗಿ ಬಳಸಿ. ಈ ಚರ್ಚೆಯ ಕಿಟಕಿಗೆ ಬೇಡ.

ಅಚ್ಚಿನ ಬಟ್ಟೆ ಓರೆಯಾಗಿದೆಯೇ ಎಂದೂ ನೋಡಬೇಕು. ಹೊಕ್ಕಿನ ಒಂದು ನೂಲು ಎಳೆದರೆ ಒಂದು ಗೆರೆ ಮೂಡುತ್ತದೆ. ವಿನ್ಯಾಸದ ಅಡ್ಡಸಾಲು ಆ ಗೆರೆಗೆ ಸಮಾಂತರ ಇರಬೇಕು. ಪನ್ನದ ಉದ್ದಕ್ಕೂ 3–4 ಸೆಂ.ಮೀ.ಗಿಂತ ಹೆಚ್ಚು ಜಾರಿದ್ದರೆ ಹೊಲಿದ ಮೇಲೆ ಪರದೆ ಒಂದು ಕಡೆ ತಿರುಚಿಕೊಳ್ಳುತ್ತದೆ. ಯಾವ ದರ್ಜಿಗೂ ಅದನ್ನು ಸರಿಮಾಡಲಾಗದು.

ನೇರಗೋಡೆ

ಕಂಬಿ ವಿಚಾರ. ಬಟ್ಟೆಯ ತೂಕ ಮೊದಲು ಲೆಕ್ಕ ಹಾಕಿ. 8.2 ಮೀ. × 1.37 ಮೀ. ಅಂದರೆ 11 ಚದರ ಮೀಟರಿಗಿಂತ ತುಸು ಹೆಚ್ಚು. 220 ಜಿಎಸ್‌ಎಂ ಆದರೆ ಎರಡೂವರೆ ಕಿಲೋ. ಅಸ್ತರು ಸೇರಿದರೆ ನಾಲ್ಕು ಕಿಲೋ ಹತ್ತಿರ. ನಿಂತ ಭಾರ ಇಷ್ಟೇ, ಆದರೆ ದಿನಾ ಎಳೆಯುವ ಜಗ್ಗು ಬೇರೆ. 210 ಸೆಂ.ಮೀ.ಗೆ 19 ಮಿ.ಮೀ. ಕಂಬಿ ಬಾಗುತ್ತೆ. 25 ಮಿ.ಮೀ. ಹಾಕಿ, ನಡುವೆ ಒಂದು ಆಧಾರ ಕೊಡಿ. ಐಲೆಟ್ ನಡುವಿನ ಆಧಾರ ದಾಟಲ್ಲ, ಆದರೆ ಎರಡು ಭಾಗದ ಪರದೆಯಲ್ಲಿ ಎರಡೂ ತಮ್ಮ ತಮ್ಮ ಕಡೆಯೇ ಓಡೋದರಿಂದ ತೊಂದರೆ ಇಲ್ಲ. ಒಂದೇ ಭಾಗದ ಪರದೆಯಾದರೆ ನಡುವೆ ಆಧಾರ ಹಾಕುವಂತಿಲ್ಲ, ಆಗ ಕಂಬಿಯೇ ದಪ್ಪ ಇರಬೇಕು.

ಐಲೆಟ್‌ನ ಒಳವ್ಯಾಸ ಕಂಬಿಗಿಂತ ಕನಿಷ್ಠ 10 ಮಿ.ಮೀ. ಹೆಚ್ಚಿರಲಿ. 25ರ ಕಂಬಿಗೆ 40ರ ಐಲೆಟ್ ಸರಿಯಾದ ಜೋಡಿ.

ಗೋಡೆ ಕೊರೆಯುವಾಗ ಎಡವೋದು ಇಲ್ಲಿ: ಕಿಟಕಿಯ ಮೇಲೆ ಕಾಂಕ್ರೀಟಿನ ಲಿಂಟಲ್ ಇರುತ್ತೆ, ಅದು ಕಿಟಕಿಯ ಆಚೀಚೆ ಸ್ವಲ್ಪ ದೂರಕ್ಕೇ ಮುಗಿಯುತ್ತೆ. 30 ಸೆಂ.ಮೀ. ಆಚೆ ಬ್ರಾಕೆಟ್ ಇಟ್ಟರೆ ನಡುವಿನ ಆಧಾರ ಕಾಂಕ್ರೀಟಿಗೆ, ಪಕ್ಕದವೆರಡೂ ಇಟ್ಟಿಗೆಗೆ ಬರುತ್ತವೆ. ಮೂರಕ್ಕೂ ಒಂದೇ ರೀತಿ ಕೊರೆದರೆ ಒಂದು ಸಡಿಲವಾಗುತ್ತೆ. ಕಾಂಕ್ರೀಟಿಗೆ ಹ್ಯಾಮರ್ ಡ್ರಿಲ್ ಬೇಕು. ಉಕ್ಕಿನ ಸಲಾಕೆ ತಾಗಿ ಬಿಟ್ ಮುಂದೆ ಹೋಗದಿದ್ದರೆ ಒತ್ತಬೇಡಿ, ಎರಡು ಸೆಂ.ಮೀ. ಮೇಲಕ್ಕೆ ಸರಿಯಿರಿ, ಲಿಂಟಲ್ಲಿನ ಮುಖ್ಯ ಸಲಾಕೆಗಳು ಕೆಳಭಾಗದಲ್ಲೇ ಇರುತ್ತವೆ. ಪೊಳ್ಳು ಇಟ್ಟಿಗೆಗೆ ಹ್ಯಾಮರ್ ನಿಲ್ಲಿಸಿ ಬರೀ ತಿರುಗಿಸಿ ಕೊರೆಯಿರಿ, ಇಲ್ಲದಿದ್ದರೆ ಒಳಗೋಡೆ ಒಡೆದು ಪ್ಲಗ್ ಹಿಡಿಯಲ್ಲ. ರಂಧ್ರದ ಧೂಳು ಊದಿ ತೆಗೆದ ಮೇಲೆಯೇ ಪ್ಲಗ್ ಹಾಕಿ. ಪ್ಲಗ್ ಗಾರೆಯಲ್ಲಿ ನಿಂತರೆ ಸಾಲದು, ಗಾರೆ ದಾಟಿ ಇಟ್ಟಿಗೆಯೊಳಗೆ ಪೂರ್ತಿ ಕೂರಬೇಕು. ಹಾಗಾಗಿ 50 ಮಿ.ಮೀ.ಗಿಂತ ಚಿಕ್ಕ ತಿರುಪು ಬೇಡ.

ಎತ್ತರವನ್ನು ನೆಲದಿಂದ ಮೂರು ಕಡೆ ಅಳೆಯಿರಿ. ನೆಲ ಒಂದು ಕಡೆ ತಗ್ಗಿದ್ದರೆ ಕಂಬಿಯನ್ನು ನೀರುಮಟ್ಟಕ್ಕೆ ಕೂರಿಸಿ, ಪರದೆಯ ಉದ್ದವನ್ನು ಎತ್ತರವಿರುವ ನೆಲಕ್ಕೆ ಹೊಂದಿಸಿ. ಕಂಬಿ ಹಾಕಿದ ಮೇಲೆಯೇ ಬಟ್ಟೆ ಕತ್ತರಿಸಿ. ಕಾಗದದ ಮೇಲಿನ ಅಳತೆಗೆ ಕತ್ತರಿಸಿದ ಪರದೆಗಳೇ ಗಿಡ್ಡವಾಗೋದು.

ಸೂಜಿಮೊನೆ

ಹೊಲಿಗೆ ನೀವೇ ಮಾಡಿದರೂ, ದರ್ಜಿಗೆ ಕೊಟ್ಟರೂ ಇಷ್ಟು ಗೊತ್ತಿರಲಿ.

ನೇಯ್ಗೆಯ ಅಂಚುಕಟ್ಟು ಮೊದಲು ತೆಗೆಯಿರಿ. ಅದು ಒಳಬಟ್ಟೆಗಿಂತ ಬಿಗಿ, ತೊಳೆದಾಗ ಬೇರೆ ಥರ ಕುಗ್ಗುತ್ತೆ. ಹಾಗೇ ಮಡಿಸಿ ಹೊಲಿದರೆ ಪಕ್ಕದ ಅಂಚು ಮೇಲಿಂದ ಕೆಳಗೆ ಸುಕ್ಕುಗಟ್ಟುತ್ತೆ. ಬಟ್ಟೆ ಬಿಚ್ಚಿಕೊಳ್ಳುವ ಜಾತಿಯಾಗಿದ್ದು ಅಂಚು ಬೇಕೇ ಬೇಕು ಅಂದರೆ 10 ಸೆಂ.ಮೀ.ಗೆ ಒಂದರಂತೆ ಓರೆ ಕತ್ತರಿ ಹಾಕಿ ಬಿಗಿ ಬಿಡಿಸಿ.

ದಾರ ಪಾಲಿಯೆಸ್ಟರ್ ಇರಲಿ. ಸೂಜಿಯ ನಂಬರು ಮಧ್ಯಮ ಬಟ್ಟೆಗೆ 80 ಅಥವಾ 90, ತೆಳುವಿಗೆ 70. ಹೊಲಿಗೆಯ ಉದ್ದ 3ರಿಂದ 3.5 ಮಿ.ಮೀ. ಉಡುಪಿಗೆ ಹೊಲಿದ ಹಾಗೆ 2 ಮಿ.ಮೀ. ಇಟ್ಟು, ಮೇಲಿನ ದಾರ ಬಿಗಿ ಮಾಡಿದರೆ ಎರಡೂಕಾಲು ಮೀಟರ್ ಉದ್ದದ ಗೆರೆ ಪೂರ್ತಿ ಮುದುರುತ್ತೆ. ಜೋಡುಹೊಲಿಗೆ ಎಲ್ಲವನ್ನೂ ಮೇಲಿಂದ ಕೆಳಗೇ ಹಾಕಿ, ಒಂದನ್ನು ಮೇಲಿಂದ ಇನ್ನೊಂದನ್ನು ಕೆಳಗಿಂದ ಹಾಕಿದರೆ ಪನ್ನಗಳು ಎದುರುಬದುರು ಜಾರುತ್ತವೆ.

ಕೆಳಮಡಿಕೆ 10 + 10 ಅಂತ ಅಳತೆಪಟ್ಟಿ ಹೇಳಿದ್ದು ಯಾಕೆ ಅಂದರೆ: ಒಳಗಿನ ಮಡಿಕೆ ಹೊರಗಿನಷ್ಟೇ ಇದ್ದರೆ ಬೆಳಕಿನೆದುರು ಒಂದೇ ಸಮನಾದ ಪಟ್ಟೆ ಕಾಣುತ್ತೆ. 2 + 10 ಮಾಡಿದರೆ ಒಳಗೆ ಕಚ್ಚಾ ಅಂಚಿನ ಗೆರೆ ನೆರಳಾಗಿ ಕಾಣುತ್ತೆ. ಭಾರವೂ ಮುಖ್ಯ, 20 ಸೆಂ.ಮೀ. ಬಟ್ಟೆ ಕೆಳಗೆ ಕೂತಾಗಲೇ ನೆರಿಗೆ ನೆಟ್ಟಗಾಗೋದು. ನಾಲ್ಕು ಕೆಳಮೂಲೆಗೂ ನಾಣ್ಯದಷ್ಟಗಲದ ಬಿಲ್ಲೆಯನ್ನು ಚಿಕ್ಕ ಬಟ್ಟೆಚೀಲದಲ್ಲಿ ಹೊಲಿದು ಮಡಿಕೆಯೊಳಗೆ ಸೇರಿಸಿ. ಬರೀ ಲೋಹ ಇಟ್ಟರೆ ತೊಳೆದಾಗ ತುಕ್ಕಿನ ಕಲೆ ಬರುತ್ತೆ. ತೆಳು ಬಟ್ಟೆಗೆ ಬಿಲ್ಲೆ ಬೇಡ, ಮಡಿಕೆಯುದ್ದಕ್ಕೂ ಸಣ್ಣ ಮಣಿಸರ.

ಐಲೆಟ್ ಸಂಖ್ಯೆ ಪ್ರತಿ ಭಾಗಕ್ಕೂ ಸಮಸಂಖ್ಯೆಯೇ ಇರಬೇಕು. ಬೆಸವಾದರೆ ಒಂದು ಅಂಚು ಗೋಡೆಯ ಕಡೆ, ಇನ್ನೊಂದು ಕೋಣೆಯ ಕಡೆ ತಿರುಗಿ ನಿಲ್ಲುತ್ತೆ. ನಿಮ್ಮ ಒಂದು ಭಾಗ ಮುಗಿದ ಮೇಲೆ 190 ಸೆಂ.ಮೀ. ಮೊದಲ ಮತ್ತು ಕೊನೆಯ ಐಲೆಟ್‌ನ ನಡುಬಿಂದು ಅಂಚಿನಿಂದ 5 ಸೆಂ.ಮೀ. ಒಳಗೆ. ಉಳಿದ 180ರಲ್ಲಿ 12 ಐಲೆಟ್, ಅಂದರೆ 11 ಅಂತರ, ತಲಾ 16.4 ಸೆಂ.ಮೀ. ಅಂತರ 20 ದಾಟಿದರೆ ನಡುವೆ ಬಟ್ಟೆ ಮುಂದಕ್ಕೆ ಜೋತುಬೀಳುತ್ತೆ. ಜೋಡುಹೊಲಿಗೆಯ ಮೇಲೆ ಐಲೆಟ್ ಬಾರದ ಹಾಗೆ ನೋಡಿಕೊಳ್ಳಿ, ದಪ್ಪಕ್ಕೆ ಐಲೆಟ್‌ನ ಎರಡು ಹೋಳುಗಳು ಕಚ್ಚಿಕೊಳ್ಳಲ್ಲ. ಬೇಕಾದರೆ ಎರಡು ಅಂತರವನ್ನು ಅರ್ಧ ಸೆಂ.ಮೀ. ಹೆಚ್ಚುಕಡಿಮೆ ಮಾಡಿ, ಕಣ್ಣಿಗೆ ತಿಳಿಯಲ್ಲ.

ತೂಗುಹಾಕುವಾಗ ಗೋಡೆ ಕಡೆಯ ಕೊನೆಯ ಐಲೆಟ್ ಬ್ರಾಕೆಟ್‌ನ ಆಚೆಗಿರಲಿ. ಆಗ ಎಷ್ಟು ಎಳೆದರೂ ಆ ಅಂಚು ಕದಲಲ್ಲ.

ಹೊಕ್ಕುಹಾಸು

ಅಸ್ತರು ಎಂಥದ್ದಿರಬೇಕು ಅಂತ ಯಾರೂ ಹೇಳಲಿಲ್ಲ. ಪಶ್ಚಿಮದ ಬಿಸಿಲಿಗೆ ಪೂರ್ತಿ ಕತ್ತಲೆಯ ಅಸ್ತರು (ಬೆಳಕು ತಡೆಯುವ ಲೇಪ ಇರುವುದು) ಹಾಕದೆ ಹೊಲಿಸಬೇಡಿ. ಬಟ್ಟೆಯ ಆಯುಸ್ಸು ಅದರಿಂದಲೇ.

ತೆಳುಪರದೆ

ಒಪ್ಪಲ್ಲ. ಅಸ್ತರು ಬೇಕು ಸರಿ, ಕತ್ತಲೆಯದು ಯಾಕೆ? ಲಿನನ್ ನೇಯ್ಗೆಯ ಗಂಟುಗಳ ಮೂಲಕ ಬೆಳಕು ಸೋಸಿ ಬರೋದೇ ಅದರ ಸೊಗಸು, ಹಿಂದೆ ರಬ್ಬರಿನ ಲೇಪ ಇಟ್ಟರೆ ಅದು ಬರೀ ಬಣ್ಣದ ಹಲಗೆ. ಅಲ್ಲದೆ ಐಲೆಟ್ ಪರದೆಯಲ್ಲಿ ಕಂಬಿಯ ಮೇಲೆ, ಪ್ರತಿ ಮಡಿಕೆಯ ಹಿಂದೆ ಬೆಳಕು ನುಗ್ಗೇ ನುಗ್ಗುತ್ತೆ. ಪೂರ್ತಿ ಕತ್ತಲೆ ಬೇಕಿರುವ ಮಲಗುವ ಕೋಣೆಗೆ ಗೋಡೆಯವರೆಗೆ ಬಾಗಿದ ರೈಲು (ಪರದೆ ಜಾರುವ ಹಳಿ), ನೆರಿಗೆ ಪಟ್ಟಿ ಹಾಕಬೇಕು.

ಸೂಜಿಮೊನೆ

ಇದು ಕೂರುವ ಕೋಣೆಯಾದ್ದರಿಂದ ತೆಳುಪರದೆಯವರ ಮಾತು ಸರಿ. ಬಿಳಿ ಹತ್ತಿಯ ಅಥವಾ ಪಾಲಿಯೆಸ್ಟರ್-ಹತ್ತಿಯ ಸಾದಾ ಅಸ್ತರು, 120–130 ಜಿಎಸ್‌ಎಂ, ಬಿಸಿಲಿನ ಬಹುಪಾಲನ್ನು ತಾನು ತಿನ್ನುತ್ತೆ, ಬೆಳಕನ್ನೂ ಬಿಡುತ್ತೆ. ಅದನ್ನು ಮುಂಬಟ್ಟೆಗಿಂತ 2–3 ಸೆಂ.ಮೀ. ಗಿಡ್ಡ ಹೊಲಿಯಿರಿ, ಕೆಳಗೆ ಮುಂಬಟ್ಟೆಗೆ ಜೋಡಿಸಬೇಡಿ. ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗಲ್ಲ. ಕೆಳಗೆ ಕಟ್ಟಿಹಾಕಿದರೆ ಒಂದು ಇನ್ನೊಂದನ್ನು ಎಳೆದು ಚೀಲದ ಹಾಗೆ ಉಬ್ಬುತ್ತೆ. ಅಸ್ತರನ್ನೂ ಮೊದಲೇ ತೊಳೆದು ಕುಗ್ಗಿಸಿಕೊಳ್ಳಿ.

ಕತ್ತಲೆ ಅಸ್ತರೇ ಬೇಕೆಂದರೆ ಗುಂಡುಸೂಜಿ ಬಳಸದೆ ಕ್ಲಿಪ್ ಹಾಕಿ ಹೊಲಿಯಿರಿ. ಲೇಪದಲ್ಲಿ ಬಿದ್ದ ತೂತು ಮುಚ್ಚಲ್ಲ, ಹಗಲಲ್ಲಿ ನಕ್ಷತ್ರದ ಸಾಲಿನಂತೆ ಹೊಳೆಯುತ್ತೆ. ಇಸ್ತ್ರಿ ಬಟ್ಟೆಯ ಮಗ್ಗುಲಿಗೆ ಮಾತ್ರ.

ಕಿಟಕಿಮನೆ

ಹಾಗಾದರೆ ಹೀಗೆ ಗೊತ್ತುಮಾಡಿದ್ದೇನೆ: ಹತ್ತಿ-ಲಿನನ್ ಮಿಶ್ರಣ, 220 ಜಿಎಸ್‌ಎಂ, ಮರಳಿನ ಬಣ್ಣ, ಸಾದಾ. ಮೊದಲು ಅರ್ಧ ಮೀಟರ್ ತಂದು ತೊಳೆದು ಅಳೆಯುತ್ತೇನೆ, ಆಮೇಲೆ ಒಂದೇ ಥಾನಿನಿಂದ 8.4 ಮೀ. 25ರ ಕಂಬಿ, 40ರ ಐಲೆಟ್, ಭಾಗಕ್ಕೆ 12. ಬಿಳಿ ಅಸ್ತರು. ಬಟ್ಟೆ ತಂದ ದಿನವೇ ಹೊಲಿಗೆ ಪೂರ್ತಿ ಮುಗಿಸಬಹುದಾ?

ಸೂಜಿಮೊನೆ

ಕೆಳಮಡಿಕೆ ಬಿಟ್ಟು ಉಳಿದದ್ದು ಮುಗಿಸಿ. ಲಿನನ್ ಗಾಳಿಯ ತೇವಕ್ಕೆ ಏರಿಳಿಯುತ್ತೆ, ಭಾರಕ್ಕೂ ಇಳಿಯುತ್ತೆ. ಐಲೆಟ್ ಹಾಕಿ, ಕೆಳಗೆ ಕಚ್ಚಾ ಹೊಲಿಗೆ ಮಾತ್ರ ಹಾಕಿ ನಾಲ್ಕೈದು ದಿನ ತೂಗಲು ಬಿಡಿ. ಆಮೇಲೆ ಅದೇ ಜಾಗದಲ್ಲಿ ನೆಲದಿಂದ ಮೇಲಕ್ಕೆ ಅಳೆದು ಗುರುತು ಮಾಡಿ ಕೆಳಮಡಿಕೆ ಹೊಲಿಯಿರಿ. ಅಂಚಿಗೂ ನಡುವಿಗೂ ಒಂದು ಸೆಂ.ಮೀ. ವ್ಯತ್ಯಾಸ ಕಂಡರೆ ಗಾಬರಿ ಬೇಡ, ಜೋಡುಹೊಲಿಗೆ ಇರುವ ಕಡೆ ಬಟ್ಟೆ ಕಡಿಮೆ ಇಳಿಯುತ್ತೆ.

ತೆಳುಪರದೆ

ಹೊಲಿದು ಹಾಕಿದ ದಿನ ಒಂದು ಕೆಲಸ ಉಳಿದಿರುತ್ತೆ. ಪರದೆಯನ್ನು ಪೂರ್ತಿ ತೆರೆದು, ಮೇಲಿಂದ ಕೆಳಗೆ ಪ್ರತಿ ನೆರಿಗೆಯನ್ನೂ ಎರಡು ಬೆರಳಿನಲ್ಲಿ ಹಿಡಿದು ನೇರ ಮಾಡುತ್ತಾ ಬನ್ನಿ. ಉಳಿದ ಬಟ್ಟೆಯ ಚಿಂದಿಯಿಂದ ಮೇಲೆ, ನಡುವೆ, ಕೆಳಗೆ ಮೂರು ಕಡೆ ಸಡಿಲವಾಗಿ ಕಟ್ಟಿ. ಬಿಗಿದರೆ ಕಟ್ಟಿನ ಗೆರೆ ಮೂಡುತ್ತೆ. ಹಬೆ ಇಸ್ತ್ರಿ ಇದ್ದರೆ ಒಂದು ಗೇಣು ದೂರದಿಂದ ಹಬೆ ಬಿಡಿ. ಮೂರು ದಿನ ಹಾಗೇ ಇರಲಿ. ನಾಲ್ಕನೇ ದಿನ ಬಿಚ್ಚಿ ಎಳೆದರೆ ನೆರಿಗೆಗಳು ತಾವಾಗೇ ಅದೇ ಸಾಲಿಗೆ ಬರುತ್ತವೆ. ಪ್ರತಿ ತೊಳೆತದ ಮೇಲೂ ಇದನ್ನು ಮತ್ತೆ ಮಾಡಬೇಕು, ಲಿನನ್ ಮಿಶ್ರಣ ಸ್ವಲ್ಪ ಹಸಿ ಇರುವಾಗಲೇ ತೂಗುಹಾಕಿದರೆ ಇಸ್ತ್ರಿಯ ಕೆಲಸವೂ ಉಳಿಯುತ್ತೆ.